ಗೋಪುರ ಕಟ್ಟಿದರೆ ಬಾಗಿಲು ತೆರೆದಂತೆಯೇ?

ಅಮೆರಿಕದಲ್ಲಿ ಓದುತ್ತಿರುವ ಮಗನನ್ನು ನೋಡಿಕೊಂಡು ಬಂದ ಪರಿಚಿತರೊಬ್ಬರು ಮೊನ್ನೆ ನಮ್ಮ ಮನೆಗೆ ಬಂದಿದ್ದರು. ನಿವೃತ್ತ ಮೇಷ್ಟರು, ಸಜ್ಜನರು. ಮೊಬೈಲಿನಲ್ಲಿ ತುಂಬಿಕೊಂಡು ಬಂದಿದ್ದ ಫೋಟೋಗಳನ್ನು ಒಂದೊಂದಾಗಿ ತೋರಿಸುತ್ತಾ ಒಂದು ಕಡೆ ಬೆರಳು ನಿಲ್ಲಿಸಿದರು. ಮುಂದೆ ಇಟ್ಟಿಗೆಯ ಗಡಿಯಾರ ಗೋಪುರ, ಹಿಂದೆ ದಪ್ಪ ಕಂಬಗಳ ಹಳೆಯ ಕಟ್ಟಡ. "ಇದು ಅಲಬಾಮಾ ವಿಶ್ವವಿದ್ಯಾಲಯದ ಫೋಸ್ಟರ್ ಆಡಿಟೋರಿಯಂ ಸಾಹೇಬ್ರೆ. ಕರಿಯರನ್ನ ಒಳಗೆ ಬಿಡೋದಿಲ್ಲ ಅಂತ ಅಲ್ಲಿನ ಗವರ್ನರೇ ಈ ಬಾಗಿಲಿಗೆ ಅಡ್ಡ ನಿಂತಿದ್ದನಂತೆ. ಈಗ ಅದೇ ಬಾಗಿಲ ಮುಂದೆ ಆ ಕರಿಯ ಮಕ್ಕಳ ಹೆಸರಲ್ಲೇ ಗೋಪುರ ಕಟ್ಟಿದ್ದಾರೆ. ತನ್ನ ತಪ್ಪಿಗೆ ತಾನೇ ಗೋಪುರ ಕಟ್ಟೋ ದೇಶ ಇನ್ನೆಲ್ಲಿದೆ ಹೇಳಿ!" ಎಂದರು.

ಮನೆಗೆ ಬಂದವರ ಜೊತೆ ಜಗಳ ಸಲ್ಲದು. ನಾವು ಚಹಾ ಕೊಟ್ಟು ಸುಮ್ಮನಾದೆವು. ಆದರೆ ಆ ಮಾತನ್ನು ಒಪ್ಪಿ ಸುಮ್ಮನಾದದ್ದಲ್ಲ. ಮೇಷ್ಟರಿಗೆ ಅಂದು ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇವೆ.

ಉರ್ದು ಶಾಲೆಯಲ್ಲಿ ನಮ್ಮ ಉಸ್ತಾದರು ಎರಡು ಪದಗಳನ್ನು ಒತ್ತಿ ಒತ್ತಿ ಕಲಿಸಿದ್ದರು. ಒಂದು ಮಾಫಿ, ಇನ್ನೊಂದು ತಲಾಫಿ. ಪಕ್ಕದ ಮನೆಯವರ ಕೊಡ ಒಡೆದು "ಮಾಫ್ ಮಾಡಿ" ಎಂದರೆ ಅದು ಮಾಫಿ. ಹೊಸ ಕೊಡ ತಂದು ಅವರ ಜಗಲಿಯ ಮೇಲೆ ಇಟ್ಟರೆ ಅದು ತಲಾಫಿ. ಮೊದಲನೆಯದಕ್ಕೆ ನಾಲಿಗೆ ಸಾಕು, ಎರಡನೆಯದಕ್ಕೆ ಕೈಯಿಂದ ಏನಾದರೂ ಬಿಡಬೇಕು. ಫೋಸ್ಟರ್ ಆಡಿಟೋರಿಯಂ ಎಂಬ ಆಟದ ಮನೆಯ ಕಥೆ ಮಾಫಿಯ ಕಥೆ. ತಲಾಫಿಯ ಲೆಕ್ಕ ಅಲ್ಲಿ ಇನ್ನೂ ಬಾಕಿಯಿದೆ.

ಕಟ್ಟಡ ಎದ್ದದ್ದು 1939ರಲ್ಲಿ, ಅಲಬಾಮಾ ರಾಜ್ಯದ ಟಸ್ಕಲೂಸಾ ಊರಿನಲ್ಲಿ. ಆಗಿನ ಕುಲಪತಿ ರಿಚರ್ಡ್ ಫೋಸ್ಟರ್ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಅದು ಅಧ್ಯಕ್ಷ ರೂಸ್‌ವೆಲ್ಟ್ ಕಾಲ. ಕೆಲಸವಿಲ್ಲದೆ ಕೂತಿದ್ದ ಲಕ್ಷಾಂತರ ಜನರಿಗೆ ಕೂಲಿ ಕೊಡಲೆಂದು ವಾಷಿಂಗ್ಟನ್ನಿನ ಕೇಂದ್ರ ಸರ್ಕಾರ ದೇಶದ ತುಂಬ ರಸ್ತೆ, ಸೇತುವೆ, ಶಾಲೆಗಳನ್ನು ಕಟ್ಟಿಸುತ್ತಿತ್ತು. ಆ ಕಾಮಗಾರಿಯಲ್ಲೇ ಈ ಸಭಾಂಗಣವೂ ಎದ್ದಿತು. ಇದನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. "ಕೇಂದ್ರ ಸರ್ಕಾರಕ್ಕೆ ಇಲ್ಲೇನು ಕೆಲಸ?" ಎಂದು ಗವರ್ನರ್ ಮುಂದೆ ಯಾವ ಬಾಗಿಲಲ್ಲಿ ನಿಂತು ಕೇಳಿದನೋ ಆ ಬಾಗಿಲು ಕೇಂದ್ರದ ಕಾಮಗಾರಿಯಲ್ಲಿ ಎದ್ದದ್ದು. ದೇಶದ ಎಲ್ಲ ಬಣ್ಣದವರ ತೆರಿಗೆಯೂ ಅದರಲ್ಲಿ ಸೇರಿತ್ತು.

ಒಳಗೆ ಮರದ ಹಲಗೆಯ ನೆಲ, ಸುತ್ತ ಮೆಟ್ಟಿಲು ಆಸನ. ಬ್ಯಾಸ್ಕೆಟ್‌ಬಾಲ್ ಆಡುವುದು ಅಲ್ಲೇ, ಘಟಿಕೋತ್ಸವ ನಡೆಯುವುದು ಅಲ್ಲೇ, ಸಂಗೀತ ಕಛೇರಿ, ಭಾಷಣ ಎಲ್ಲ ಅಲ್ಲೇ. ಇವೆಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಅವಧಿಯ ಆರಂಭದಲ್ಲಿ ವಿದ್ಯಾರ್ಥಿಗಳು ಸಾಲು ನಿಂತು ತರಗತಿಗೆ ಹೆಸರು ನೋಂದಾಯಿಸುತ್ತಿದ್ದದ್ದೂ ಅದೇ ನೆಲದ ಮೇಲೆ. ಒಬ್ಬ ಹುಡುಗ ವಿದ್ಯಾರ್ಥಿಯಾಗುವುದು, ಆಟಗಾರನಾಗುವುದು, ಕೊನೆಗೆ ಪದವೀಧರನಾಗುವುದು ಮೂರೂ ಒಂದೇ ಸೂರಿನ ಕೆಳಗೆ. ಹಾಗಾಗಿ ಆ ಬಾಗಿಲನ್ನು ಮುಚ್ಚಿದರೆ ಮೂರೂ ಮುಚ್ಚಿದಂತೆ.

ಗೋಪುರಕ್ಕೆ ಹೆಸರು ಕೊಟ್ಟಾಕೆ ಆಥರೀನ್ ಲೂಸಿ. ಮೇಷ್ಟರು "ಆ ಕರಿಯ ಮಕ್ಕಳು" ಎಂದದ್ದರಲ್ಲಿ ಈಕೆಯೂ ಸೇರಿಹೋದಳು. ಆದರೆ ಗವರ್ನರ್ ಬಾಗಿಲಿಗೆ ನಿಂತ ದಿನ ಈಕೆ ಅಲ್ಲಿರಲಿಲ್ಲ. ಆಕೆಯನ್ನು ಏಳು ವರ್ಷ ಮೊದಲೇ ಹೊರಗೆ ಹಾಕಲಾಗಿತ್ತು. 1952ರಲ್ಲಿ ಲೂಸಿ ಮತ್ತು ಆಕೆಯ ಗೆಳತಿ ಪಾಲಿ ಆ್ಯನ್ ಮೈಯರ್ಸ್ ಅರ್ಜಿ ಹಾಕಿದರು. ವಿಶ್ವವಿದ್ಯಾಲಯ ಮೊದಲು ಒಪ್ಪಿತು. ಇವರ ಬಣ್ಣ ಯಾವುದೆಂದು ತಿಳಿದ ಮೇಲೆ ಆಗದು ಎಂದಿತು. ಮೂರು ವರ್ಷ ಕೋರ್ಟಿಗೆ ಅಲೆದರು. ಮುಂದೆ ಸುಪ್ರೀಂ ಕೋರ್ಟಿನ ಮೊದಲ ಕರಿಯ ನ್ಯಾಯಮೂರ್ತಿಯಾದ ಥರ್ಗುಡ್ ಮಾರ್ಷಲ್ ಇವರ ವಕೀಲರಲ್ಲೊಬ್ಬರು. ಕೊನೆಗೆ ಕೋರ್ಟು ಸೇರಿಸಿಕೊಳ್ಳಲೇಬೇಕು ಎಂದಾಗ ಗೆಳತಿಯ ನಡತೆ ಸರಿಯಿಲ್ಲ ಎಂಬ ನೆಪ ತೆಗೆದು ಆಕೆಯನ್ನು ಕೈಬಿಟ್ಟರು. ಒಬ್ಬಳೇ ಆದರೆ ಲೂಸಿಯೂ ಹಿಂದೆ ಸರಿದಾಳು ಎಂಬ ಲೆಕ್ಕ ಇದ್ದಿರಬೇಕು. ಆಕೆ ಸರಿಯಲಿಲ್ಲ.

1956ರ ಫೆಬ್ರವರಿ 3ರಂದು ಲೂಸಿ ಮೊದಲ ತರಗತಿಗೆ ಹೋದಳು. ಹಾಸ್ಟೆಲಿನಲ್ಲಿ ಜಾಗವಿಲ್ಲ, ಊಟದ ಮನೆಗೆ ಪ್ರವೇಶವಿಲ್ಲ. ಮೂರನೆಯ ದಿನ, ಫೆಬ್ರವರಿ 6ರಂದು, ಗುಂಪು ಮುತ್ತಿಗೆ ಹಾಕಿತು. ಮೊಟ್ಟೆ ತೂರಿದರು, ಕಲ್ಲು ತೂರಿದರು, ಕೊಲ್ಲಿ ಎಂದು ಕೂಗಿದರು. ಆಕೆ ಗ್ರೇವ್ಸ್ ಹಾಲ್ ಎಂಬ ಶಿಕ್ಷಣ ವಿಭಾಗದ ಕಟ್ಟಡದೊಳಗೆ ಸಿಕ್ಕಿಕೊಂಡಳು. ಆ ಕಟ್ಟಡಕ್ಕೆ ಹೆಸರು ಕೊಟ್ಟ ಬಿಬ್ ಗ್ರೇವ್ಸ್ ಗವರ್ನರ್ ಆಗಿದ್ದವನು, ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಗುಪ್ತ ಪಡೆಯ ಮುಖಂಡನೂ ಆಗಿದ್ದವನು. ಅಂದು ಸಂಜೆಯೇ ವಿಶ್ವವಿದ್ಯಾಲಯ ಆಕೆಯನ್ನು ಅಮಾನತು ಮಾಡಿತು. ಕಾರಣ? ಆಕೆಯ ಸುರಕ್ಷತೆ! ಗಲಭೆಯಲ್ಲಿ ಆಡಳಿತದ ಕೈವಾಡವಿದೆ ಎಂದು ಆಕೆಯ ವಕೀಲರು ಕೋರ್ಟಿಗೆ ಹೇಳಿದ್ದೇ ತಡ, ವಿಶ್ವವಿದ್ಯಾಲಯದ ಹೆಸರು ಕೆಡಿಸಿದಳೆಂದು ಆಕೆಯನ್ನು ಶಾಶ್ವತವಾಗಿ ಹೊರಹಾಕಿದರು. ಹೊಡೆಸಿಕೊಂಡವರೇ ಶಾಂತಿಭಂಗಕ್ಕೆ ಕಾರಣ ಎಂಬ ನ್ಯಾಯ ಟಸ್ಕಲೂಸಾದಲ್ಲಿ ಹುಟ್ಟಿದ್ದಲ್ಲ, ಅಲ್ಲೇ ಸತ್ತದ್ದೂ ಅಲ್ಲ. ಇದನ್ನು ಓದುವಾಗ ನಮ್ಮ ಓದುಗರಿಗೆ ಬೇರೆ ಗೇಟುಗಳು ನೆನಪಾದರೆ ನಾವು ಬೇಡ ಎನ್ನುವುದಿಲ್ಲ. ಆದರೆ ಇಲ್ಲಿ ಟಸ್ಕಲೂಸಾದ ಮಾತನ್ನೇ ಮುಗಿಸುತ್ತೇವೆ.

ಆ ಹೊರಹಾಕಿದ ಆದೇಶ ರದ್ದಾದದ್ದು 1988ರಲ್ಲಿ. ಮೂವತ್ತೆರಡು ವರ್ಷ! ಅಷ್ಟರಲ್ಲಿ ಹುಡುಗಿ ಅಜ್ಜಿಯ ವಯಸ್ಸಿನ ಹತ್ತಿರ ಬಂದಿದ್ದಳು. ಮತ್ತೆ ಸೇರಿ ಓದಿ 1992ರಲ್ಲಿ ಸ್ನಾತಕೋತ್ತರ ಪದವಿ ಪಡೆದಳು. ಅದೇ ಘಟಿಕೋತ್ಸವದಲ್ಲಿ ಆಕೆಯ ಮಗಳೂ ಪದವಿ ಪಡೆದಳು. ಪತ್ರಿಕೆಗಳು ಇದನ್ನು ಕಣ್ಣು ತುಂಬಿ ಬರೆದವು. ತಾಯಿ ಮಗಳು ಜೊತೆಗೂಡಿ ಪದವಿ ಪಡೆಯಬೇಕಾದ ಪರಿಸ್ಥಿತಿಯನ್ನು ತಂದವರು ಯಾರು ಎಂಬುದು ಆ ಕಣ್ಣೀರಿನಲ್ಲಿ ತೊಳೆದುಹೋಯಿತು.

ಈಗ ಮೇಷ್ಟರು ಹೇಳಿದ ಗವರ್ನರನ ಕಥೆಗೆ ಬರೋಣ. ಅಲ್ಲಿನ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಂತಲ್ಲ, ನಮ್ಮ ಮುಖ್ಯಮಂತ್ರಿಯಂತೆ ಚುನಾವಣೆಯಲ್ಲಿ ಗೆದ್ದು ಬಂದವನು. ಜಾರ್ಜ್ ವಾಲೇಸ್ ಎಂಬಾತ ಕರಿಯರು ಬಿಳಿಯರ ಶಾಲೆಗೆ ಬಂದರೆ ತಾನೇ ಬಾಗಿಲಲ್ಲಿ ನಿಲ್ಲುತ್ತೇನೆ ಎಂದು ವಚನ ಕೊಟ್ಟು 1962ರಲ್ಲಿ ಮತ ಕೇಳಿದ, ಮತ ಸಿಕ್ಕಿತು. 1963ರ ಜೂನ್ 11ರಂದು ವಿವಿಯನ್ ಮೆಲೋನ್ ಎಂಬ ಹುಡುಗಿ, ಜೇಮ್ಸ್ ಹುಡ್ ಎಂಬ ಹುಡುಗ ನೋಂದಣಿಗೆ ಬರುವವರಿದ್ದರು. ವಾಲೇಸ್ ಫೋಸ್ಟರ್ ಆಡಿಟೋರಿಯಂ ಬಾಗಿಲಲ್ಲಿ ಬಂದು ನಿಂತ.

ಇದು ನಾಟಕವಾಗಿತ್ತು. ಹಾಗೆಂದು ನಾವು ಮಾತಿಗೆ ಹೇಳುತ್ತಿಲ್ಲ. ಪ್ರವೇಶಕ್ಕೆ ಅಡ್ಡಿ ಮಾಡಬಾರದೆಂದು ಫೆಡರಲ್ ನ್ಯಾಯಾಧೀಶರೊಬ್ಬರು ಆರು ದಿನ ಮೊದಲೇ ವಾಲೇಸನಿಗೆ ತಡೆಯಾಜ್ಞೆ ಕೊಟ್ಟಿದ್ದರು. ಸೋಲು ಖಚಿತ ಎಂದು ಅವನಿಗೆ ಗೊತ್ತಿತ್ತು. ವಾಷಿಂಗ್ಟನ್ನಿಗೂ ಗೊತ್ತಿತ್ತು, ವಿಶ್ವವಿದ್ಯಾಲಯಕ್ಕೂ ಗೊತ್ತಿತ್ತು. ಅವನು ಎಲ್ಲಿ ನಿಲ್ಲಬೇಕೆಂದು ನೆಲದ ಮೇಲೆ ಗುರುತು ಹಾಕಿದ್ದರು. ಟಿವಿ ಕ್ಯಾಮೆರಾಗಳಿದ್ದವು, ಮಾತನಾಡಲು ಪೀಠವಿತ್ತು. ಉಪ ಅಟಾರ್ನಿ ಜನರಲ್ ನಿಕೋಲಸ್ ಕಾಟ್ಜನ್‌ಬಾಕ್ ಬಿಸಿಲಿನಲ್ಲಿ ನಡೆದು ಬಂದು ದಾರಿ ಬಿಡಿ ಎಂದರು. ವಾಲೇಸ್ ರಾಜ್ಯದ ಹಕ್ಕು, ಸಂವಿಧಾನ, ಸಾರ್ವಭೌಮತ್ವ ಎಂದು ಬರೆದು ತಂದದ್ದನ್ನು ಓದಿದ. ಅನ್ಯಾಯ ಮಾಡುವವನ ಬಾಯಲ್ಲಿ ಬೈಗುಳವೇ ಇರಬೇಕೆಂದಿಲ್ಲ ಎಂಬುದಕ್ಕೆ ಆ ಭಾಷಣ ಒಳ್ಳೆಯ ಉದಾಹರಣೆ. ಆ ಹೊತ್ತಿನಲ್ಲಿ ಮೆಲೋನ್ ಮತ್ತು ಹುಡ್ ಎಲ್ಲಿದ್ದರು? ಕಾರಿನೊಳಗೆ ಕೂತಿದ್ದರು. ಯಾರ ಪ್ರವೇಶದ ಪ್ರಶ್ನೆಯೋ ಅವರು ಚಿತ್ರದಲ್ಲೇ ಇಲ್ಲ.

ಅಧ್ಯಕ್ಷ ಕೆನಡಿ ಅಲಬಾಮಾದ ನ್ಯಾಷನಲ್ ಗಾರ್ಡ್ ಪಡೆಯನ್ನು ಕೇಂದ್ರದ ಅಧೀನಕ್ಕೆ ತೆಗೆದುಕೊಂಡರು. ಮಧ್ಯಾಹ್ನದ ಮೇಲೆ ಜನರಲ್ ಹೆನ್ರಿ ಗ್ರಹಾಂ ಬಂದು ಪಕ್ಕಕ್ಕೆ ಸರಿಯಬೇಕೆಂದು ಹೇಳಿದಾಗ ವಾಲೇಸ್ ಇನ್ನೊಂದಿಷ್ಟು ಮಾತಾಡಿ ಸರಿದ. ಇಬ್ಬರು ವಿದ್ಯಾರ್ಥಿಗಳು ಒಳಗೆ ಹೋಗಿ ಹೆಸರು ನೋಂದಾಯಿಸಿದರು. ಎರಡು ದಿನ ಕಳೆದು ಅದೇ ವಿಶ್ವವಿದ್ಯಾಲಯದ ಹಂಟ್ಸ್‌ವಿಲ್ ಕೇಂದ್ರದಲ್ಲಿ ಡೇವ್ ಮೆಕ್‌ಗ್ಲಾಥರಿ ಎಂಬ ಕರಿಯ ಯುವಕ ಸೇರಿದ. ಅಲ್ಲಿ ಯಾರೂ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ.

ಎಲ್ಲವೂ ಶಾಂತವಾಗಿ ಮುಗಿಯಿತಲ್ಲ, ಒಂದು ಹನಿ ರಕ್ತ ಬೀಳಲಿಲ್ಲವಲ್ಲ ಎನ್ನುವವರಿದ್ದಾರೆ. ಬಾಗಿಲಲ್ಲಿ ಬೀಳಲಿಲ್ಲ, ನಿಜ. ಅದೇ ರಾತ್ರಿ ಕೆನಡಿ ಟಿವಿಯಲ್ಲಿ ನಾಗರಿಕ ಹಕ್ಕುಗಳ ಬಗ್ಗೆ ಮಾತಾಡಿದ ಕೆಲವೇ ಗಂಟೆಗಳಲ್ಲಿ, ಪಕ್ಕದ ಮಿಸಿಸಿಪ್ಪಿ ರಾಜ್ಯದಲ್ಲಿ ಮೆಡ್ಗರ್ ಎವರ್ಸ್ ಎಂಬ ಹೋರಾಟಗಾರನನ್ನು ಅವನ ಮನೆಯಂಗಳದಲ್ಲೇ ಗುಂಡಿಟ್ಟು ಕೊಂದರು. ಮೂರು ತಿಂಗಳ ನಂತರ ಅಲಬಾಮಾದ್ದೇ ಬರ್ಮಿಂಗ್‌ಹ್ಯಾಮಿನ ಚರ್ಚಿನಲ್ಲಿ ಬಾಂಬಿಟ್ಟು ನಾಲ್ವರು ಹೆಣ್ಣುಮಕ್ಕಳನ್ನು ಕೊಂದರು. ಮೆಲೋನ್ ಇದ್ದ ಹಾಸ್ಟೆಲಿನ ಹತ್ತಿರವೂ ಆ ನವೆಂಬರಿನಲ್ಲಿ ಬಾಂಬು ಸಿಡಿಯಿತು. ಜೇಮ್ಸ್ ಹುಡ್ ಎರಡು ತಿಂಗಳಿಗೇ ಬಿಟ್ಟು ಹೋದ. ಮೆಲೋನ್ ಮಾತ್ರ ಹಲ್ಲು ಕಚ್ಚಿ ಕೂತಳು. 1965ರಲ್ಲಿ ಆ ವಿಶ್ವವಿದ್ಯಾಲಯದ ಮೊದಲ ಕರಿಯ ಪದವೀಧರೆಯಾದಳು. ಅಲಬಾಮಾದಲ್ಲಿ ಒಂದು ಕಂಪನಿಯೂ ಆಕೆಗೆ ಕೆಲಸ ಕೊಡಲಿಲ್ಲ, ವಾಷಿಂಗ್ಟನ್ನಿಗೆ ಹೋಗಿ ಸರ್ಕಾರಿ ಕೆಲಸ ಹಿಡಿದಳು. ಬಾಗಿಲಲ್ಲಿ ನಿಂತದ್ದು ಒಂದೇ ಹಗಲು. ಒಳಗೆ ಹೋದವಳು ಎರಡು ವರ್ಷ ಪ್ರತಿ ಬೆಳಿಗ್ಗೆ ಎದ್ದು ತರಗತಿಗೆ ನಡೆಯಬೇಕಿತ್ತು. ಅದನ್ನು ಚಿತ್ರೀಕರಿಸಲು ಯಾವ ಕ್ಯಾಮೆರಾ ಕಾದಿತ್ತು?

ಸಿನಿಮಾ ನೋಡುವವರಿಗೆ ಫಾರೆಸ್ಟ್ ಗಂಪ್ ನೆನಪಿರಬಹುದು. 1994ರ ಆ ಚಿತ್ರದಲ್ಲಿ ಈ ದೃಶ್ಯವಿದೆ. ಮೆಲೋನ್ ಕೈಯಿಂದ ಪುಸ್ತಕ ಬೀಳುತ್ತದೆ, ಚಿತ್ರದ ಮುಗ್ಧ ಬಿಳಿಯ ನಾಯಕ ಓಡಿಹೋಗಿ ಎತ್ತಿಕೊಡುತ್ತಾನೆ. ಸಭಾಂಗಣ ತುಂಬ ನಗು. ಚಿತ್ರ ನಮಗೂ ಇಷ್ಟವೇ. ಆದರೂ ಪುಸ್ತಕ ಎತ್ತಿಕೊಡುವ ಆ ಕೈ ಇತಿಹಾಸದಲ್ಲಿರಲಿಲ್ಲ, ಅದನ್ನು ಹೊಸದಾಗಿ ಸೇರಿಸಬೇಕಾಯಿತು. ಮೇಷ್ಟರ ಗೋಪುರವೂ ನಮಗೆ ಆ ಕೈಯಂತೆಯೇ ಕಾಣುತ್ತದೆ.

ಆಟದ ಮಾತು ಇನ್ನೂ ಬಂದಿಲ್ಲ. ಮೈದಾನಕ್ಕೆ ಜಾತಿಯಿಲ್ಲ, ಬಣ್ಣವಿಲ್ಲ, ಆಟವೇ ಜನರನ್ನು ಮೊದಲು ಒಂದುಗೂಡಿಸುತ್ತದೆ ಎಂದು ಎಲ್ಲ ದೇಶಗಳಲ್ಲೂ ಹೇಳುತ್ತಾರೆ. ಫೋಸ್ಟರ್ ಆಡಿಟೋರಿಯಂ ಕಥೆ ಇದಕ್ಕೆ ಪೂರಾ ಉಲ್ಟಾ. ತರಗತಿಯ ಬಾಗಿಲು 1963ರಲ್ಲಿ ತೆರೆಯಿತು, ಅದೂ ಸೈನ್ಯ ಬಂದ ಮೇಲೆ. ಆಟದ ಅಂಕಣದ ಬಾಗಿಲು ತೆರೆಯಲು ಇನ್ನೂ ಆರು ವರ್ಷ ಬೇಕಾಯಿತು. ವಿದ್ಯಾರ್ಥಿವೇತನ ಪಡೆದ ಮೊದಲ ಕರಿಯ ಆಟಗಾರ ವೆಂಡೆಲ್ ಹಡ್ಸನ್ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಬಂದದ್ದು 1969ರಲ್ಲಿ. ಅಷ್ಟರಲ್ಲಿ, 1968ರಲ್ಲಿಯೇ, ತಂಡ ಹದಿನೈದು ಸಾವಿರ ಜನ ಕೂರುವ ಹೊಸ ಅಂಗಣಕ್ಕೆ ಹೋಗಿಬಿಟ್ಟಿತ್ತು. ಅಂದರೆ ಫೋಸ್ಟರ್ ಆ ತಂಡದ ತವರಾಗಿದ್ದ ಅಷ್ಟೂ ವರ್ಷ ಅದರ ಬಣ್ಣ ಬಿಳಿಯೇ. ಇತ್ತ ಫುಟ್‌ಬಾಲ್ ತಂಡಕ್ಕೂ ಕರಿಯರನ್ನು ತೆಗೆದುಕೊಳ್ಳಿ ಎಂದು ಕರಿಯ ವಿದ್ಯಾರ್ಥಿಗಳ ಸಂಘ 1969ರಲ್ಲಿ ಕೋರ್ಟಿಗೆ ಹೋಗಬೇಕಾಯಿತು. ಇಂದು ಆ ಬದಲಾವಣೆಯ ಪುಣ್ಯವನ್ನೆಲ್ಲ ಕೋಚಿನ ದೊಡ್ಡ ಮನಸ್ಸಿಗೆ ಬರೆಯುವವರಿದ್ದಾರೆ. ದಾವೆ ಹಾಕಿದ ಹುಡುಗರನ್ನು ಕೇಳುವವರಿಲ್ಲ.

ಒಮ್ಮೆ ತೆರೆದ ಮೇಲೆ ಮಾತ್ರ ಎಲ್ಲ ಬಹಳ ಬೇಗ ನಡೆಯಿತು. 1973ರಲ್ಲಿ ಬ್ಯಾಸ್ಕೆಟ್‌ಬಾಲ್ ತಂಡ ಆಟ ಆರಂಭಿಸಿದ ಐವರೂ ಕರಿಯರೇ ಆಗಿದ್ದರು. ಇಂದು ಅಲ್ಲಿನ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ತಂಡಗಳನ್ನು ಹೊತ್ತಿರುವವರಲ್ಲಿ ಅವರೇ ಹೆಚ್ಚು. ಅಲಬಾಮಾದ ಜನರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಕರಿಯರು. ಆದರೆ ಅದೇ ವಿಶ್ವವಿದ್ಯಾಲಯದ ತರಗತಿಗಳಲ್ಲಿ ಅವರ ಪ್ರಮಾಣ ಅದಕ್ಕಿಂತ ತುಂಬ ಕಡಿಮೆ. ಗೆಲ್ಲಿಸಿಕೊಡುವ ಕಾಲು ಬೇಕು, ಬೆಂಚಿನ ಮೇಲೆ ಪಕ್ಕದಲ್ಲಿ ಕೂರುವ ಮೈ ಅಷ್ಟಾಗಿ ಬೇಡ. ಚಪ್ಪಾಳೆಯನ್ನು ಸಮಾನತೆ ಎಂದು ತಿಳಿಯುವವರು ಈ ಎರಡು ಲೆಕ್ಕಗಳನ್ನು ಪಕ್ಕ ಪಕ್ಕ ಇಟ್ಟು ನೋಡಬೇಕು.

ದೊಡ್ಡ ತಂಡ ಬಿಟ್ಟುಹೋದ ಮೇಲೆ ಫೋಸ್ಟರ್ ಹಳೆಯದಾಯಿತು, ಸೋರತೊಡಗಿತು. 2005ರಲ್ಲಿ ಅದನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿಸಲಾಯಿತು. ಆ ವರ್ಷವೇ ಅಕ್ಟೋಬರಿನಲ್ಲಿ ವಿವಿಯನ್ ಮೆಲೋನ್ ತೀರಿಕೊಂಡರು. ಅಂಗಳಕ್ಕೆ ಮೆಲೋನ್ ಮತ್ತು ಹುಡ್ ಹೆಸರನ್ನು, ಗೋಪುರಕ್ಕೆ ಲೂಸಿಯ ಹೆಸರನ್ನು ಇಟ್ಟದ್ದು 2010ರ ನವೆಂಬರಿನಲ್ಲಿ. ದುರಸ್ತಿಯಾದ ಅಂಕಣದಲ್ಲಿ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ತಂಡ 2011ರಿಂದ ಕೆಲವು ವರ್ಷ ಆಡಿತು, ವಾಲಿಬಾಲ್ ತಂಡವೂ ಆಡಿತು. ಆಗ ಬ್ಯಾಸ್ಕೆಟ್‌ಬಾಲ್ ಹುಡುಗಿಯರ ಕೋಚ್ ಯಾರು ಗೊತ್ತೇ? ಅದೇ ವೆಂಡೆಲ್ ಹಡ್ಸನ್. ಯಾವ ನೆಲದ ಮೇಲೆ ತನ್ನ ಬಣ್ಣದವರಿಗೆ ತಂಡದಲ್ಲಿ ಜಾಗವಿರಲಿಲ್ಲವೋ ಅದೇ ನೆಲದ ಅಂಚಿನಲ್ಲಿ ನಿಂತು ಆತ ಹುಡುಗಿಯರಿಗೆ ಆಟ ಹೇಳಿಕೊಟ್ಟ. ಇಡೀ ಕಥೆಯಲ್ಲಿ ನಮಗೆ ಮನಸ್ಸು ತುಂಬುವ ಭಾಗ ಇದೊಂದೇ. ಗೋಪುರಕ್ಕಿಂತ ಇದು ದೊಡ್ಡದು. ಇಲ್ಲಿ ಒಬ್ಬ ಮನುಷ್ಯನ ಕೈಗೆ ನಿಜವಾದ ಕೆಲಸ ಬಂದಿತ್ತು.

ವಾಲೇಸ್ ಕೂಡ ಕೊನೆಗಾಲದಲ್ಲಿ ಮಾಫಿ ಕೇಳಿದ. 1972ರಲ್ಲಿ ಗುಂಡೇಟು ತಿಂದು ಗಾಲಿಕುರ್ಚಿ ಹಿಡಿದವನು 1996ರಲ್ಲಿ ತನ್ನ ಕುಟುಂಬದ ಪ್ರತಿಷ್ಠಾನದಿಂದ, ತನ್ನ ಹೆಂಡತಿಯ ಹೆಸರಿನ ಧೈರ್ಯ ಪ್ರಶಸ್ತಿಯನ್ನು ಮೆಲೋನ್‌ಗೆ ಕೊಟ್ಟ. ಆಕೆ ದೊಡ್ಡ ಮನಸ್ಸಿನಿಂದ ಕ್ಷಮಿಸಿದರು. ಅದು ಅವರ ಹಕ್ಕು, ನಾವು ಮಧ್ಯೆ ಬಾಯಿ ಹಾಕುವುದಿಲ್ಲ. ಆದರೆ ಕ್ಷಮಿಸುವ ಅಧಿಕಾರ ಮೆಲೋನ್‌ಗಿತ್ತು, ವಿಶ್ವವಿದ್ಯಾಲಯ ಅದನ್ನು ತನ್ನ ರಸೀದಿ ಮಾಡಿಕೊಳ್ಳುವಂತಿಲ್ಲ.

ಗೋಪುರ ಎದ್ದ ಮೂರು ವರ್ಷಕ್ಕೆ, 2013ರ ಸೆಪ್ಟೆಂಬರಿನಲ್ಲಿ, ಅಲ್ಲಿನ ವಿದ್ಯಾರ್ಥಿ ಪತ್ರಿಕೆ ಒಂದು ವರದಿ ಮಾಡಿತು. ಕ್ಯಾಂಪಸ್ಸಿನಲ್ಲಿ ಹುಡುಗಿಯರ ಸಂಘಗಳಿವೆ, ಸೊರಾರಿಟಿ ಎನ್ನುತ್ತಾರೆ, ದೊಡ್ಡ ಮನೆಗಳಲ್ಲಿ ಒಟ್ಟಿಗೆ ಇರುತ್ತಾರೆ. ಬಿಳಿಯ ಹುಡುಗಿಯರ ಆ ಸಂಘಗಳು, ಓದಿನಲ್ಲಿ ಮುಂದಿದ್ದ ಒಬ್ಬ ಕರಿಯ ಹುಡುಗಿಯನ್ನು ಬಣ್ಣದ ಕಾರಣಕ್ಕೇ ನಿರಾಕರಿಸಿದವು ಎಂಬುದು ಆ ವರದಿ. ಮೆಲೋನ್ ಒಳಗೆ ಹೋಗಿ ಸರಿಯಾಗಿ ಐವತ್ತು ವರ್ಷವಾಗಿತ್ತು. ದೇಶದ ತುಂಬ ಗುಲ್ಲಾದ ಮೇಲೆ ಆಡಳಿತ ಎಚ್ಚೆತ್ತು ಮತ್ತೆ ಅವಕಾಶ ಕೊಡಿಸಿತು. ಸತ್ಯ ಬರೆದ ಆ ವಿದ್ಯಾರ್ಥಿ ಪತ್ರಿಕೆ ನಮ್ಮ ಪ್ರಕಾರ ಕಂಚಿನ ಫಲಕಕ್ಕಿಂತ ಗಟ್ಟಿ.

2022ರಲ್ಲಿ ಗ್ರೇವ್ಸ್ ಹಾಲಿಗೆ ಲೂಸಿಯ ಹೆಸರಿಡುವುದೆಂದಾಯಿತು. ಹೇಗೆ? ಮೊದಲು "ಲೂಸಿ-ಗ್ರೇವ್ಸ್ ಹಾಲ್" ಎಂದರು! ಬೆನ್ನಟ್ಟಿಸಿಕೊಂಡವಳನ್ನೂ ಬೆನ್ನಟ್ಟಿದವರ ಮುಖಂಡನನ್ನೂ ಒಂದೇ ಫಲಕದಲ್ಲಿ ಗಂಟು ಹಾಕಲು ಹೊರಟವರ ಬುದ್ಧಿಗೆ ಏನು ಹೇಳುವುದು? ವಿದ್ಯಾರ್ಥಿಗಳು ಗಲಾಟೆ ಮಾಡಿದರು, ಗ್ರೇವ್ಸ್ ಹೆಸರು ಬಿತ್ತು. ಫೆಬ್ರವರಿ 25ರ ಸಮಾರಂಭಕ್ಕೆ ತೊಂಬತ್ತೆರಡರ ಲೂಸಿ ಬಂದಿದ್ದರು. ಐದು ದಿನ ಕಳೆದು, ಮಾರ್ಚ್ 2ರಂದು, ತೀರಿಕೊಂಡರು.

ಆಮೇಲೆ? 2024ರಲ್ಲಿ ಅಲಬಾಮಾ ಶಾಸನಸಭೆ, ಸರ್ಕಾರಿ ವಿದ್ಯಾಸಂಸ್ಥೆಗಳು ವೈವಿಧ್ಯ, ಒಳಗೊಳ್ಳುವಿಕೆಯ ಹೆಸರಿನಲ್ಲಿ ಕಚೇರಿ, ಕಾರ್ಯಕ್ರಮ ನಡೆಸಬಾರದೆಂದು ಕಾಯ್ದೆ ಮಾಡಿತು. ವಿಶ್ವವಿದ್ಯಾಲಯ ಕರಿಯ ವಿದ್ಯಾರ್ಥಿ ಸಂಘಕ್ಕೆ ಕೊಟ್ಟಿದ್ದ ಕೋಣೆಯನ್ನು ಹಿಂದಕ್ಕೆ ಪಡೆಯಿತು. ಕರಿಯ ವಿದ್ಯಾರ್ಥಿಗಳ ಬದುಕಿನ ಬಗ್ಗೆ ಬರೆಯುತ್ತಿದ್ದ ಒಂದು ವಿದ್ಯಾರ್ಥಿ ಪತ್ರಿಕೆಯಿತ್ತು, ಅದರ ಹೆಸರೇ "ನೈಂಟೀನ್ ಫಿಫ್ಟಿ ಸಿಕ್ಸ್". ಲೂಸಿ ಕಾಲಿಟ್ಟ ವರ್ಷ. 2025ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯ ಆ ಪತ್ರಿಕೆಯನ್ನು ನಿಲ್ಲಿಸಿತು. ಹೆಣ್ಣುಮಕ್ಕಳ ಇನ್ನೊಂದು ಪತ್ರಿಕೆಯನ್ನೂ ಜೊತೆಗೇ ನಿಲ್ಲಿಸಿತು. ಈ ಸಲ ಬಾಗಿಲಿಗೆ ಗವರ್ನರ್ ಬರಲಿಲ್ಲ. ನೆಲದ ಮೇಲೆ ಗುರುತಿಲ್ಲ, ಸೈನ್ಯವಿಲ್ಲ, ಭಾಷಣವಿಲ್ಲ. ಕಾನೂನಿನ ಕಾರಣ ಹೇಳಿದರು, ಕೆಲಸ ಮುಗಿಯಿತು.

ಗೋಪುರ ಬೇಡ ಎಂದು ನಾವು ಹೇಳುತ್ತಿಲ್ಲ. ಅದಿಲ್ಲದಿದ್ದರೆ ನಮ್ಮ ಮೇಷ್ಟರಿಗೆ ಲೂಸಿಯ ಹೆಸರೇ ತಿಳಿಯುತ್ತಿರಲಿಲ್ಲ, ನಮ್ಮ ಮನೆಯಲ್ಲಿ ಆ ಮಾತೂ ಏಳುತ್ತಿರಲಿಲ್ಲ. ಆದರೆ 1956 ಎಂಬ ವರ್ಷವನ್ನು ಕಂಚಿನಲ್ಲಿ ಕೊರೆಸುವವರಿಗೆ ಅದೇ ವರ್ಷದ ಹೆಸರಿನಲ್ಲಿ ಹುಡುಗ ಹುಡುಗಿಯರು ನಾಲ್ಕು ಪುಟ ಬರೆದರೆ ಸಹಿಸಲಾಗುವುದಿಲ್ಲ ಎಂದಾದರೆ, ಆ ಕಂಚಿಗೆ ಮೈಮರೆತು ನಮಸ್ಕಾರ ಹಾಕಲು ನಾವು ತಯಾರಿಲ್ಲ. ಕಂಚು ಉತ್ತರ ಕೊಡುವುದಿಲ್ಲ, ಪತ್ರಿಕೆ ಕೊಡುತ್ತದೆ. ಭಯ ಇರುವುದು ಅಲ್ಲೇ.

ಮೇಷ್ಟರು ಮೊನ್ನೆ ಮತ್ತೆ ಸಂತೆಯಲ್ಲಿ ಸಿಕ್ಕಿದ್ದರು. ಆ ಪತ್ರಿಕೆಯ ಹಳೆಯ ಸಂಚಿಕೆ ಒಂದಾದರೂ ಸಿಕ್ಕೀತೇ ಎಂದು ಮಗನನ್ನು ಕೇಳಿ ನೋಡಿ ಎಂದೆವು. "ಕೇಳ್ತೀನಿ ಸಾಹೇಬ್ರೆ, ಆದರೆ ಅವನು ಅಂಥದ್ದಕ್ಕೆಲ್ಲ ಹೋಗೋನಲ್ಲ" ಎಂದು ನಕ್ಕರು. ಇನ್ನೂ ಬಂದಿಲ್ಲ.